ಹಿಡಿಕಾಳು

ತ್ಸ್ಕಾಲ್ಟುಬೋದ ಬಿಸಿನೀರ ಸ್ನಾನಗೃಹದಲ್ಲಿ
ಟವೆಲು ಎಣಿಸಿ ಕೊಡುವವಳು ನಾನು, ನತೇಲಾ.
ಇಪ್ಪತ್ತು ವರ್ಷದಲ್ಲಿ ಒಂದು ಟವೆಲೂ ಲೆಕ್ಕ ತಪ್ಪಿಲ್ಲ.
ಇದನ್ನು ಮೊದಲೇ ಹೇಳಿಬಿಡುತ್ತೇನೆ,
ಮುಂದಿನದನ್ನು ಕೇಳಿ ನಗಬೇಡಿರೆಂದು.

ಆ ಅಕ್ಟೋಬರಿನಲ್ಲಿ ಶಾಲೆಯವರು
ಮಕ್ಕಳು ಮಾಡಿದ ಬೆರ್ಚಪ್ಪಗಳನ್ನು
ಪಾರ್ಕಿನಲ್ಲಿ ಸಾಲಾಗಿ ನಿಲ್ಲಿಸಿದರು.
ಒಂದೊಂದರ ಬುಡಕ್ಕೆ ಒಂದೊಂದು ಗಾಜಿನ ಜಾಡಿ.
ಗೇಟಿನಲ್ಲಿ ಲೆಕ್ಕದ ಟೀಚರು ಲಮಾರಾ
ಬಂದವರ ಅಂಗೈಗೆ ಒಂದು ಬಿಳಿ ಬೀನ್ಸ್ ಕಾಳು ಇಟ್ಟು
"ಒಬ್ಬರಿಗೆ ಒಂದೇ. ಚೆಂದ ಕಂಡದ್ದಕ್ಕೆ ಹಾಕಿ,
ಬೇಕಾದವರಿಗಲ್ಲ" ಎಂದರು.

ನನ್ನ ಎಲಿಸೋಳ ಬೆರ್ಚಪ್ಪನಿಗೆ ಗುಂಡಿಯ ಕಣ್ಣು,
ಅವಳಜ್ಜನ ಟೋಪಿ, ಕತ್ತು ನೆಟ್ಟಗೆ,
ಕಚೇರಿಯ ಗುಮಾಸ್ತನ ಹಾಗೆ.
ಪಕ್ಕದಲ್ಲಿ ಬೊಂದೋನದು.
ಯುದ್ಧದಲ್ಲಿ ಸುಖೂಮಿ ಬಿಟ್ಟು ಓಡಿಬಂದವರ ಹುಡುಗ.
ಮುಚ್ಚಿಹೋದ ಸ್ಯಾನಿಟೋರಿಯಮ್ಮಿನ ಮೂರನೇ ಮಹಡಿ,
ಬಾಲ್ಕನಿಯಲ್ಲೇ ಒಲೆ.
ಅವರು ಊರಿಗೆ ಬಂದು ಆರು ವರ್ಷವಾಯಿತು,
ನೆಂಟರು ಮಾತ್ರ ಇನ್ನೂ ಬಂದಿಲ್ಲ.
ಹುಲ್ಲು ತರಲು ಹೊಲವಿಲ್ಲ; ಹಳೇ ಪತ್ರಿಕೆ ತುರುಕಿದ್ದ.
ಒಂದೇ ತೋಳಿನ ಕೋಟು. ಇನ್ನೊಂದು ತೋಳು
ಎಲ್ಲಿ ಉಳಿಯಿತೆಂದು ಯಾರೂ ಕೇಳಲಿಲ್ಲ.
ಗಾಳಿ ಬೀಸಿತು; ಆ ಒಂಟಿ ತೋಳು ಎದ್ದಿತು.
ಕಾಗೆಯ ಮಾತು ಬಿಡಿ,
ನಾನೇ ಒಂದು ಹೆಜ್ಜೆ ಹಿಂದೆ ಸರಿದೆ.

ಅದು ಚೆನ್ನಾಗಿತ್ತು. ಅದೇ ಚೆನ್ನಾಗಿತ್ತು.

ನನ್ನ ಏಪ್ರನ್ನಿನ ಜೇಬಿನಲ್ಲಿ ಮನೆಯ ಕಾಳಿತ್ತು, ಒಂದು ಹಿಡಿ.
ಹೆತ್ತವರಿಗೆ ಹೆಗ್ಗಣ ಮುದ್ದು, ಸರಿ.
ಊರೂ ಮುದ್ದಿಸಲೇಬೇಕೆಂದು ಹಟ ಹಿಡಿಯುವ ಹಕ್ಕು
ಹೆಗ್ಗಣ ಹೆತ್ತವಳಿಗಿಲ್ಲ.
ಗೊತ್ತಿತ್ತು.
ಕೈ ಆಗಲೇ ಜಾಡಿಯ ಬಾಯಿಯಲ್ಲಿತ್ತು.
ಸದ್ದು ಮುಚ್ಚಲು ಜೋರಾಗಿ ಕೆಮ್ಮಿದೆ.

ಎಲಿಸೋಗೆ ನಲವತ್ತೊಂದು, ಬೊಂದೋಗೆ ಹನ್ನೊಂದು.
ರಿಬ್ಬನ್ನು, ಬಣ್ಣದ ಪೆಟ್ಟಿಗೆ, ಚಪ್ಪಾಳೆ.
ಬೊಂದೋ ಬಂದು ಅವಳ ಕೈ ಕುಲುಕಿದ.
"ಕತ್ತು ಹೇಗೆ ನಿಲ್ಲಿಸಿದೆ? ನನ್ನದು ವಾಲುತ್ತೆ."
ಇಬ್ಬರೂ ಕುಕ್ಕರಗಾಲಲ್ಲಿ ಕೂತು
ಕೋಲು, ದಾರ, ಗಂಟು ನೋಡಿದರು.
ಆಮೇಲೆ ಅವಳು ಜಾಡಿ ನೋಡಿದಳು. ಬಹಳ ಹೊತ್ತು.
ನಮ್ಮ ಬೇಲಿಯ ಕಾಳಿಗೆ ಮೂಲೆಯಲ್ಲೊಂದು ಕಂದು ಚುಕ್ಕೆ.
ನನಗೆ ನೆನಪಿರಲಿಲ್ಲ.
ಬುಟ್ಟಿಗಟ್ಟಲೆ ಸುಲಿದವಳು ಅವಳು.

ರಾತ್ರಿ ಊಟಕ್ಕೆ ಅದೇ ಕಾಳು ಬೇಯಿಸಿದ್ದೆ.
ಚಮಚದಿಂದ ಒಂದೊಂದನ್ನೇ ತಟ್ಟೆಯಂಚಿಗೆ ಸರಿಸುತ್ತ
"ಅಮ್ಮಾ, ಇದರಲ್ಲಿ ಓಟು ಹಾಕದವು ಯಾವುವು?"
ಅಷ್ಟೇ. ಅಳಲಿಲ್ಲ.
ಉಪ್ಪು ಕೊಡು ಅಂದಳು.

ಬೆಳಿಗ್ಗೆ ಹೋಗಿ ರಿಬ್ಬನ್ನನ್ನು
ಬೊಂದೋನ ಬೆರ್ಚಪ್ಪನ ಒಂಟಿ ತೋಳಿಗೆ ಕಟ್ಟಿಬಂದಳು.
ಸಂಜೆ ಅವನು ಅದನ್ನು ಬಿಚ್ಚಿ, ಮಡಿಸಿ,
ನಮ್ಮ ಬಾಗಿಲಿಗೆ ತಂದ.
"ನನಗೆ ಹನ್ನೊಂದು ಬಂತು. ಮನೆಯವರು ನಾವು ಮೂರೇ ಜನ.
ಉಳಿದ ಎಂಟು, ಯಾರೋ ಗೊತ್ತಿಲ್ಲದವರು.
ಆ ಎಂಟು ನನ್ನವು.
ಇದು ಅಲ್ಲ."

ತಪ್ಪೊಪ್ಪಿಕೊಳ್ಳಲು ಲಮಾರಾ ಟೀಚರ ಬಳಿ ಹೋದೆ.
ಬೋರ್ಡು ಒರೆಸುತ್ತಿದ್ದರು, ತಿರುಗಲಿಲ್ಲ.
"ಕೊಟ್ಟದ್ದು ಎಪ್ಪತ್ತೆರಡು ಕಾಳು.
ಎಣಿಸಿದಾಗ ನೂರ ಐವತ್ತು.
ನೀವು ಆರನೆಯ ತಾಯಿ, ನತೇಲಾ.
ಅಪ್ಪಂದಿರು ಇನ್ನೂ ಯಾರೂ ಬಂದಿಲ್ಲ."
ಅವತ್ತೇ ಯಾಕೆ ಹೇಳಲಿಲ್ಲ, ಅಂದೆ.
"ಮಕ್ಕಳ ಎದುರಿಗೆ
ಯಾರ ಹೆಸರಿನಿಂದ ಶುರು ಮಾಡಲಿ, ಹೇಳಿ?"

ಎಲಿಸೋ ತನ್ನ ಒಂದು ಕಾಳನ್ನು ಯಾರ ಜಾಡಿಗೆ ಹಾಕಿದಳೋ
ನಾನು ಕೇಳಿಲ್ಲ. ಕೇಳಲು ಮುಖವಿಲ್ಲ.

ಈಗಲೂ ಕೆಲಸದಲ್ಲಿ ಟವೆಲು ಎಣಿಸುತ್ತ
ಕೆಲವು ದಿನ ಹನ್ನೊಂದಕ್ಕೆ ಬಂದು ನಿಂತುಬಿಡುತ್ತೇನೆ.
ಸಾಲಿನ ಹಿಂದಿನಿಂದ
ಯಾರೋ ಕೆಮ್ಮುತ್ತಾರೆ.