ಕಮ್ಮಿ ಬರೆಯಿರಿ

ಭವಂತಿ ರಸ್ತೆಯಲ್ಲಿ, ಇಂಗಿನಂಗಡಿಯ ಅಟ್ಟದ ಮೇಲೆ
ನನ್ನದೊಂದು ಮೇಜು, ಒಂದು ಭೂತಗನ್ನಡಿ,
ತುದಿ ಚಪ್ಪಟೆಯಾದ ಚಿಮಟ.
ಮೂವತ್ತೊಂದು ವರ್ಷ ಬ್ಯಾಂಕಿನ ಕ್ಯಾಶಿನಲ್ಲಿ ಕೂತವನು ನಾನು.
ಅಲ್ಲಿ ಹರಿದ ನೂರೂ ನೂರೇ.
ದೊಡ್ಡ ಚೂರು ಅಳೆದು, ನಂಬರು ನೋಡಿ
ಕೊಟ್ಟು ಕಳಿಸಿದರಾಯಿತು.
ಇಲ್ಲಿ ಹಾಗಲ್ಲ,
ಇಲ್ಲಿ ಒಂದು ಮಡಿಕೆ ಕೂಡ ಸಾಕ್ಷಿ ಹೇಳುತ್ತದೆ.

ಬರುವವರೆಲ್ಲ ಹೊಗಳಿಕೊಂಡೇ ಬರುತ್ತಾರೆ.
ಇಸ್ತ್ರಿ ಹಾಕಿ ತರುತ್ತಾರೆ, ಅಂಚು ಕತ್ತರಿಸಿ ತರುತ್ತಾರೆ,
ಕಲೆಯ ಮೇಲೆ ಹೆಬ್ಬೆರಳಿಟ್ಟು ತೋರಿಸುತ್ತಾರೆ.
ಬೆರಳು ತೆಗೆಯಿರಿ ಅನ್ನುವುದೇ ನನ್ನ ಅರ್ಧ ಕಸುಬು.

ಮೊನ್ನೆ ಬೆಂಗ್ರೆಯಿಂದ ದೋಣಿ ದಾಟಿ ಅವ್ವಮ್ಮ ಬಂದರು.
ಪೌಡರ್ ಡಬ್ಬಿಯೊಳಗಿಂದ ಒಂದು ನೀಲಿ ಹತ್ತು,
ಹಜ್ಜಿಗೆ ಹೊರಟವರಿಗೆಂದೇ ಅಚ್ಚಾದದ್ದು,
ನಂಬರಿನ ಮುಂದೆ ಎಚ್ ಎ.
ನನ್ನ ಕೈ ಒಂದು ಗಳಿಗೆ ನಿಂತಿತು, ಸುಳ್ಳೇಕೆ.

ಕನ್ನಡಿ ಹಿಡಿಯುವ ಮೊದಲೇ ಅವರು ಶುರುಮಾಡಿದರು:
"ಇದು ನೋಡಿ, ಎಣ್ಣೆ ಕಲೆ.
ಉಪ್ಪ ಮಂಜಿಯ ಬಿರುಕಿಗೆ ಹತ್ತಿ ಮೆತ್ತುವವರು,
ಕೈ ತೊಳೆಯದೆ ಮುಟ್ಟಿದ್ದು.
ಇದು ಸುಣ್ಣ, ಉಮ್ಮನ ಎಲೆಪೆಟ್ಟಿಗೆಯದ್ದು.
ಈ ಮೂಲೆಯೇ ಇಲ್ಲ. ಅದು ನಾನು,
ಹಲ್ಲು ಬರುವಾಗ ತಿಂದೆನಂತೆ.
ತಿಂದದ್ದಕ್ಕೂ ಕಳೀತೀರಿ ಅಲ್ವಾ?"

ಮಾರುವವರೇ ಕುಂದು ಎಣಿಸಿದ್ದು ನಾನು ಕಂಡದ್ದಿಲ್ಲ.

"ಮಾರುವುದು ಎಂತ ಮಾರಾಯ್ರೆ, ಪಾಲು.
ಅಣ್ಣಂದಿರಿಬ್ಬರು. ಅವರಿಗೆ ಎರಡೆರಡು, ನನಗೆ ಒಂದು.
ನೀವು ಬರೆದ ಕ್ರಯದಲ್ಲಿ ನಾಲ್ಕು ಪಾಲು ನಾನು ಕೊಟ್ಟರೆ
ನೋಟು ನನ್ನಲ್ಲೇ ಇರ್ತದೆ.
ಬೀಡಿ ಕಟ್ಟುವ ಕೈ ಇದು.
ಕಮ್ಮಿ ಬರೆಯಿರಿ."

ಬೆಳಕಿಗೆ ಹಿಡಿದೆ.
ನೀರಚ್ಚಿನ ಸಿಂಹಗಳು ಮೂರೂ ಸೌಖ್ಯ.
ಎಡಕ್ಕೆ ನಾಲ್ಕು ತೂತು, ಕಟ್ಟಿಗೆ ಹೊಡೆದ ಪಿನ್ನಿನವು,
ನಮ್ಮ ಕ್ಯಾಶಿನವರದ್ದೇ ಕೆಲಸ;
ತುಕ್ಕು ಹತ್ತಿ ಒಂದೊಂದೂ ಕಂದು ಬಳೆ ತೊಟ್ಟಿದೆ.
ಐದನೆಯದು ನಟ್ಟನಡುವೆ.
ಅದಕ್ಕೆ ಬಳೆಯಿಲ್ಲ. ಅಂಚು ಬೆಳ್ಳಗೆ,
ನಾರು ಇನ್ನೂ ಮೇಲೆದ್ದು ನಿಂತಿದೆ.
ಅರುವತ್ತು ವರ್ಷದ ಕಾಗದದಲ್ಲಿ ನಿನ್ನೆಯ ತೂತು.

ತಲೆಯೆತ್ತಿದೆ.
ಗಲ್ಲದ ಕೆಳಗೆ ತಲೆವಸ್ತ್ರಕ್ಕೆ ಸಿಕ್ಕಿಸಿದ
ಹಸಿರು ಮಣಿಯ ಪಿನ್ನು.
ಅವರ ಬೆರಳು ಅಲ್ಲಿಗೇ ಹೋಯಿತು.
ನಾನು ಕಿಟಕಿಯಾಚೆ ನೋಡಿದೆ.
ಕೆಳಗೆ ಯಾರೋ ಇಂಗು ಜಜ್ಜುತ್ತಿದ್ದರು,
ಬಂದರಿನ ಉಪ್ಪುಗಾಳಿಗೆ ಮೇಜಿನ ಕಾಗದಗಳೆಲ್ಲ
ತುದಿ ಸುರುಳಿಕೊಳ್ಳುತ್ತಿದ್ದವು.

ಚುಚ್ಚುವಾಗ ಎಷ್ಟು ಹೊತ್ತು ಹಿಡಿದುಕೊಂಡು ಕೂತಿದ್ದರೋ.
ಯಾವ ಜಾಗ, ಎಷ್ಟು ದೊಡ್ಡದು,
ಉಪ್ಪನಿಗೆ ನೋಯದ ಹಾಗೆ ಎಲ್ಲಿ.

ಬರೆದೆ: ಎಣ್ಣೆ ಕಲೆ. ಸುಣ್ಣದ ಕಲೆ. ಬಲಮೂಲೆ ನಷ್ಟ.
ಮಡಿಕೆ ಎಂಟು. ತೂತು ಐದು.
ಒಂದು ಪೈಸೆ ಹೆಚ್ಚುಕಮ್ಮಿಯಾದರೆ ರಾತ್ರಿಯಿಡೀ ಕೂತು
ಮತ್ತೆ ಮತ್ತೆ ಎಣಿಸಿದವನು,
ಆಮೇಲೆ "ಎಲ್ಲ ಹಳೆಯವು" ಎಂದು ಸೇರಿಸಿದೆ.
ಕ್ರಯದ ಜಾಗದಲ್ಲಿ ಪೆನ್ನು ಊರಿ ಕೇಳಿದೆ:
"ವಾರಕ್ಕೆ ಎಷ್ಟು ಬೀಡಿ ಕಟ್ಟುತ್ತೀರಿ?"

ನನ್ನ ಫೀಸಿಗೆ ಅವರು ತೆಗೆದ ಐವತ್ತು
ನಡುವೆ ಹರಿದು, ಟೇಪು ಹಚ್ಚಿದ್ದು.
"ಇದು ನಡೀತದಾ?" ಅಂದರು.
ಮಡಚಿ ಕಿಸೆಗೆ ಹಾಕಿಕೊಂಡೆ.
ಐವತ್ತು ಐವತ್ತೇ.