ಮೇಣ ಹೊರಟ ಮೇಲೆ

ಪೆನ್ಸಿಲ್ವೇನಿಯಾದ ಸೇಂಟ್ ಮೇರೀಸ್, ರಾತ್ರಿ ಪಾಳಿ.
ಹಿಟ್ಟಿನಂಥ ಉಕ್ಕಿಗೆ ಮೇಣ, ಚೂರು ಪ್ಲಾಸ್ಟಿಕ್ಕು
ಬೆರೆಸಿ ನಾದಿ ಅಚ್ಚಿಗೊತ್ತಿದರೆ
ಹಲ್ಲಿನ ತಂತಿ ಹಿಡಿಯುವ ಕೊಂಡಿ,
ಜೋಳದ ಕಾಳಿಗಿಂತ ಚಿಕ್ಕದು.

ಮೊದಲು ದ್ರಾವಕದಲ್ಲಿ ಮೇಣ ಕರಗಬೇಕು.
ಅವಸರಿಸಿದರೆ ಬೊಕ್ಕೆ.
ಅರ್ಲೀನ್ ವೇಲರ್ ಇಪ್ಪತ್ತಾರು ವರ್ಷದಿಂದ ಹೇಳುವುದು ಒಂದೇ:
"ದಾರಿ ಬಿಡಿಸಿಕೊಂಡು ತಾನೇ ಹೊರಡಲಿ, ಅಟ್ಟಬೇಡ."

ಆಮೇಲೆ ಉಳಿಯುವುದು ಬರೀ ಆಕಾರ,
ಎಳೆಯಷ್ಟು ಪ್ಲಾಸ್ಟಿಕ್ಕು ಕೈಹಿಡಿದ ಪುಡಿ.
ನಿನ್ನೆ ಹೊಸ ಹುಡುಗ ಸೀನಿದ;
ತಟ್ಟೆಯಲ್ಲಿ ಎರಡು ಸಾಲು ಹೋದವು.
ಅವಳು ಬೈಯಲಿಲ್ಲ. ಪೊರಕೆ ಕೊಟ್ಟಳು.

ಕುಲುಮೆಯಲ್ಲಿ ಆ ಎಳೆಯೂ ಹೊಗೆ.
ಕಣ ಕಣಕ್ಕೆ ಬೆಸೆಯುವ ಮುನ್ನ
ಯಾರೂ ಹಿಡಿಯದೆ ನಿಂತಿರುವ ಗಳಿಗೆಯೊಂದು ಇದೆಯಂತೆ.
ಕಿಂಡಿಯಲ್ಲಿ ಕಂಡವರಿಲ್ಲ.

ಬೆಳಿಗ್ಗೆ ಅಳೆದರೆ ಆರರಲ್ಲೊಂದು ಪಾಲು ಕುಗ್ಗಿದೆ.
ಅರ್ಲೀನ್ ಒಂದನ್ನೆತ್ತಿ
ಹಲ್ಲಲ್ಲಿ ಕಚ್ಚಿ ನೋಡುತ್ತಾಳೆ,
ನಿಯಮದಲ್ಲಿಲ್ಲ ಅದು.