ಕೊಂಡಿ

ಮೂರು ತಿಂಗಳಿಂದ ನಮ್ಮ ಬಾಲ್ಕನಿಯ ಗಾಜಿನ ಬಾಗಿಲಿಗೆ
ಲಟ್ಟಣಿಗೆಯೇ ಬೀಗ.
ಕೆಳಗಿನ ಹಳಿಯಲ್ಲಿ ಉದ್ದಕ್ಕೆ ಮಲಗಿಸಿದರೆ ಸಾಕು,
ಯಾರು ಎಳೆದರೂ ಜರುಗುವುದಿಲ್ಲ.
ಚಪಾತಿ ಬೇಕೆಂದ ರಾತ್ರಿ ಮಾತ್ರ
ಊಟ ಮುಗಿಯುವ ತನಕ ಮನೆಗೆ ಬೀಗವಿಲ್ಲ.

ಓನರ್ ಗಂಗಹನುಮಯ್ಯ ಒಂದೇ ಮಾತು ಹೇಳಿದರು:
‘ಎರಡನೇ ಮಹಡಿಗೆ ಯಾರಮ್ಮ ಹತ್ತುತ್ತಾರೆ,
ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.’
ಆ ಮಾತು ನನ್ನದೇ.
ಸುಂಕದಕಟ್ಟೆಯಿಂದ ಮೆಜೆಸ್ಟಿಕ್ಕಿನವರೆಗೆ
ಹದಿನೇಳು ವರ್ಷ ಹಂಚಿದ್ದೇನೆ,
ಟಿಕೆಟ್ಟಿನ ಜೊತೆ ಪುಕ್ಕಟೆ.

ಸೆಕೆಂಡ್ ಶಿಫ್ಟ್ ಮುಗಿಸಿ ಲಗ್ಗೆರೆ ಸೇರುವಾಗ ಹನ್ನೊಂದೂವರೆ.
ಅಲ್ಲಿವರೆಗೆ ಚಿನ್ಮಯಿ ಒಬ್ಬಳೇ.
‘ಲಟ್ಟಣಿಗೆ ಇಟ್ಟೆ’ ಎಂದು ಮೆಸೇಜ್ ಹಾಕುತ್ತಾಳೆ
ಎಂಟಕ್ಕೆ.
ಕೆಲವು ದಿನ ಒಂಬತ್ತಕ್ಕೂ.

ಮಂಗಳವಾರ ವೀಕ್ಲಿ ಆಫ್.
ಬಟ್ಟೆ ನೆನೆಹಾಕಿ ಬಾಗಿಲ ಮುಂದೆ ಕುಕ್ಕರುಗಾಲಲ್ಲಿ ಕೂತೆ.
ಡಿಪೋದ ಜಬೀವುಲ್ಲಾ ಫೋನಿನಲ್ಲೇ ನಾಡಿ ನೋಡಿದ:
‘ಕೊಂಡಿ ಮುರಿದಿದೆಯಾ?’
ಇಲ್ಲ.
‘ಸ್ಪ್ರಿಂಗು?’
ಟಕ್ಕನ್ನುತ್ತೆ.
‘ಹಂಗಾದ್ರೆ ಅದಕ್ಯಾಕೆ ಬೈತೀರಾ ಮೇಡಂ,
ಬಾಗಿಲು ಕೂತಿದೆ.’

ನಿಂತೇ ಇದ್ದದ್ದು ಕೂತದ್ದು ಯಾವಾಗ?
ಪೀಣ್ಯದ ಲಾರಿಗಳು ತಿರುಗುವಾಗೆಲ್ಲ ಗಾಜು ನಡುಗಿ
ಚಕ್ರ ಸವೆದು
ಕೂದಲೆಳೆಯಷ್ಟು, ಮತ್ತೆ ಕೂದಲೆಳೆಯಷ್ಟು.
ಕೊಂಡಿಯ ಮೂತಿಗೆ ಕುಂಕುಮ ಹಚ್ಚಿ ಬಾಗಿಲು ತಳ್ಳಿದೆ.
ಚೌಕಟ್ಟಿನ ತಗಡಿನ ಮೇಲೆ ಕೆಂಪು ಚುಕ್ಕೆ,
ತೂತಿಗಿಂತ ಎರಡು ಮಿಲಿಮೀಟರ್ ಕೆಳಗೆ.
ಇಷ್ಟೇ.
ಇಷ್ಟಕ್ಕೇ ಮೂರು ತಿಂಗಳು.

ಹಲ್ಲುಜ್ಜುವ ಹಳೇ ಬ್ರಷ್ಷಿನಲ್ಲಿ ಹಳಿ ಕೆದಕಿದರೆ
ಪಾರಿವಾಳದ ಪುಕ್ಕ, ಬಟ್ಟೆ ಕ್ಲಿಪ್ಪಿನ ಅರ್ಧ,
ಒಣಗಿದ ಕರಿಬೇವು,
ಹೋದ ದೀಪಾವಳಿಗೆ ಕಳೆದುಹೋಗಿ
ಮಗಳಿಗೆ ನನ್ನಿಂದ ಏಟು ತಿನ್ನಿಸಿದ ಓಲೆಯ ತಿರುಪು.
ತೊಳೆದು ಅವಳ ಅಂಗೈಗಿಟ್ಟೆ.
ಅವಳೂ ಏನೂ ಅನ್ನಲಿಲ್ಲ.

ಬಾಗಿಲ ಬುಡದಲ್ಲಿ ಇನ್ನೊಂದು ತಿರುಪು, ಚಕ್ರ ಎತ್ತುವುದು.
ಸ್ಕ್ರೂಡ್ರೈವರ್ ಜಾರಿತು, ಮತ್ತೆ ಜಾರಿತು.
ಪರ್ಸಿನ ಮೂಲೆಯಲ್ಲೊಂದು ಐವತ್ತು ಪೈಸೆ,
ಯಾರೋ ನನ್ನ ತಲೆಗೆ ಕಟ್ಟಿದ್ದು,
ನಾನು ಯಾರ ತಲೆಗೂ ಕಟ್ಟಲಾಗದ್ದು,
ಸೀಳಿಗೆ ಸರಿಯಾಗಿ ಕೂತಿತು.

ಕಾಲು ಸುತ್ತು. ಬಾಗಿಲು ಮುಲುಗಿತು.
ಆಚೆ ಬದಿಯಿಂದ ಚಿನ್ಮಯಿ
ಎರಡೂ ಅಂಗೈ ಗಾಜಿಗೊತ್ತಿ ಭಾರ ಎತ್ತಿ ಹಿಡಿದಳು.
ಅವಳ ಕೈಗೆರೆಗಳು ಚಪ್ಪಟೆಯಾಗಿ ಬೆಳ್ಳಗೆ ಕಂಡವು.
ಇನ್ನೂ ಕಾಲು.
‘ರೈಟ್, ರೈಟ್’ ಅಂದಳು, ನನ್ನದೇ ದನಿಯಲ್ಲಿ.

ಕೊಂಡಿ ಒಳಗೆ ಹೋಯಿತು. ಹಿಡಿಯಲಿಲ್ಲ.
ಹಿಂದೆ ಗೋಡೆ ತಾಗುತ್ತಿತ್ತು,
ಬಾಗಿ ಕಚ್ಚಲು ಅದಕ್ಕೆ ಜಾಗವಿರಲಿಲ್ಲ.
ತಗಡು ಬಿಚ್ಚಿದೆ. ಮೆಷಿನ್ ಬರುವ ಮೊದಲಿನ ಟಿಕೆಟ್ಟೊಂದು,
ಐದು ರೂಪಾಯಿಯದು,
ಯಾಕೋ ಎತ್ತಿಟ್ಟುಕೊಂಡಿದ್ದೆ;
ನಾಲ್ಕು ಮಡಿಕೆ ಮಾಡಿ ಹಿಂದಿಟ್ಟು
ಮತ್ತೆ ಬಿಗಿದೆ.

ಟಕ್.

ಹತ್ತು ಸಲ ಹಾಕಿದೆವು, ಹತ್ತು ಸಲ ತೆಗೆದೆವು.
ಕೆಳಗಿನ ಮನೆಯವರು ಏನಾಯಿತೆಂದು ಕೂಗಿ ಕೇಳಿದರು.

ಬುಧವಾರ ಎಂಟಕ್ಕೆ ಮೆಸೇಜ್ ಬಂತು: ‘ಲಾಕ್ ಆಯ್ತು.’
ಒಂಬತ್ತಕ್ಕೆ ಇನ್ನೊಂದು:
‘ಲಟ್ಟಣಿಗೆನೂ ಇಟ್ಟಿದೀನಿ.’

ಕಾಮಾಕ್ಷಿಪಾಳ್ಯದ ಸಿಗ್ನಲ್ಲಿನಲ್ಲಿ ಬಸ್ಸು ತುಂಬಿ
ಬಾಗಿಲು ಉಸ್ಸೆಂದು ಮುಚ್ಚಲು ಹೆಣಗುತ್ತಿತ್ತು.
ಒಳಗೆ ನಡೀರಿ, ಒಳಗೆ ನಡೀರಿ ಅನ್ನುತ್ತ
ಒಂದೇ ಬೆರಳಲ್ಲಿ ಬರೆದೆ:
ಇರಲಿ.